ಮಳೆಯೂರಿನ ಹಿತ್ತಿಲಲ್ಲಿ ಡ್ರ್ಯಾಗನ್ ಹಣ್ಣು ಬೆಳೆಯುವ ಕ್ರಮ

ಡ್ರ್ಯಾಗನ್ ಹಣ್ಣಿನ ಕೃಷಿಯ ಬಗ್ಗೆ ಕನ್ನಡದಲ್ಲಿ ಸಿಗುವ ಮಾಹಿತಿ ಬಹುಪಾಲು ಬಯಲುಸೀಮೆಯವರಿಗೆ ಹೇಳಿದ್ದು. ತುಮಕೂರು, ವಿಜಯಪುರದ ಕಡೆ ವರ್ಷಕ್ಕೆ ಬೀಳುವ ಮಳೆ 600–700 ಮಿಲಿಮೀಟರ್ ಆಸುಪಾಸು. ಕಾಸರಗೋಡಿನಲ್ಲಿ ಅದು 3,500 ಮಿಲಿಮೀಟರಿನ ಹತ್ತಿರ, ಅದರಲ್ಲೂ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಅಲ್ಲಿಯ ಅಳತೆ, ಅಲ್ಲಿಯ ತಿಂಗಳುಗಳನ್ನು ಹಾಗೆಯೇ ಇಲ್ಲಿಗೆ ತಂದರೆ ಗಿಡ ಆಟಿ ತಿಂಗಳು ದಾಟುವುದು ಕಷ್ಟ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರದ ಕಡೆ ಇದನ್ನು ನೆಡಲು ಹೊರಟವರು ಮೊದಲು ನೋಡಬೇಕಾದದ್ದು ಬುಡದಿಂದ ನೀರು ಹೇಗೆ ಇಳಿದು ಹೋಗುತ್ತದೆ ಎಂಬುದನ್ನು. ಕೆಳಗಿನದೆಲ್ಲ ಆ ಲೆಕ್ಕದಲ್ಲೇ ಬರೆದದ್ದು. ಒಂದೆರಡು ಕಂಬದಿಂದ ಹತ್ತು ಕಂಬದವರೆಗಿನ ಮನೆತೋಟಕ್ಕೆ ಸರಿಹೊಂದುತ್ತದೆ.

ಕಳ್ಳಿ ಎಂದ ಕೂಡಲೇ ಮರಳುಗಾಡು ನೆನಪಾಗುವುದು ಸಹಜ. ಆದರೆ ಇದು ಕಾಡಿನ ಕಳ್ಳಿ. ದಕ್ಷಿಣ ಮೆಕ್ಸಿಕೋ, ಮಧ್ಯ ಅಮೆರಿಕದ ಕಾಡುಗಳಲ್ಲಿ ಮರವನ್ನೋ ಬಂಡೆಯನ್ನೋ ಹಿಡಿದು ಹತ್ತುತ್ತದೆ, ಕವಲುಗಳಲ್ಲಿ ಸೇರಿಕೊಂಡ ತರಗೆಲೆಯ ಗೊಬ್ಬರದಲ್ಲಿ ಬೇರು ಬಿಡುತ್ತದೆ. ನಮ್ಮ ಜಗಲಿಯ ಚಟ್ಟಿಗಳಲ್ಲಿ ರಾತ್ರಿ ಅರಳುವ ಬ್ರಹ್ಮಕಮಲ ಇದರ ಹತ್ತಿರದ ನೆಂಟ. ಆದ್ದರಿಂದ ಮೈಮೇಲೆ ಮಳೆ ಬಿದ್ದರೆ ಇದಕ್ಕೆ ತೊಂದರೆಯಿಲ್ಲ. ಬೇರಿಗೆ ಗಾಳಿ ಸಿಗದಿದ್ದರೆ ಮಾತ್ರ ತಡೆಯುವುದಿಲ್ಲ. ಬೇರಿನ ಹೆಚ್ಚಿನ ಭಾಗ ಮೇಲಿನ ಒಂದಡಿ ಮಣ್ಣಿನಲ್ಲೇ ಹರಡುವುದರಿಂದ ಗುಂಡಿಯ ಆಳದಲ್ಲಿ ತುಂಬಿದ ಗೊಬ್ಬರ ಅದಕ್ಕೆ ದಕ್ಕುವುದೂ ಇಲ್ಲ.

ಜಾಗ

ದಿನಕ್ಕೆ ಕಡಿಮೆಯೆಂದರೂ ಆರು ಗಂಟೆ ನೇರ ಬಿಸಿಲು ಬೇಕು. ಅಡಿಕೆ ತೋಟದೊಳಗೆ, ಅಡಿಕೆ ಮರಕ್ಕೇ ಹತ್ತಿಸಿದರೆ ಕಂಬದ ಖರ್ಚು ಉಳಿಯಿತಲ್ಲ ಎಂದು ಯೋಚಿಸುವವರು ಉಂಟು. ಕಾಳುಮೆಣಸಿಗೆ ಆ ನೆರಳು ಒಪ್ಪುತ್ತದೆ, ಇದಕ್ಕೆ ಒಪ್ಪುವುದಿಲ್ಲ. ಬಳ್ಳಿ ಸಪೂರವಾಗಿ, ತಿಳಿಹಸಿರಾಗಿ ಉದ್ದಕ್ಕೆ ಓಡುತ್ತದೆ, ಹೂ ಬಿಡುವುದಿಲ್ಲ. ತೋಟದ ಬದಿಯ ಬರೆಯ ಮೇಲಿನ ಜಾಗ, ಗೇರು ಕಡಿದ ಗುಡ್ಡೆಯ ಇಳಿಜಾರು, ಅಂಗಳದ ಮೂಡು ಅಥವಾ ತೆಂಕು ಬದಿ ಒಳ್ಳೆಯದು. ಬೈಲಿನ ಗದ್ದೆಯಲ್ಲಿ ಬೇಡ.

ಗುಂಡಿ ಬೇಡ, ದಿಬ್ಬ ಬೇಕು

ನಮ್ಮಲ್ಲಿ ಗಿಡ ನೆಡುವುದೆಂದರೆ ಗುಂಡಿ ತೋಡುವುದು ಎಂದೇ ರೂಢಿ. ಮುರಕಲ್ಲಿನ ಹಾಸಿನಲ್ಲಿ ಎರಡಡಿ ಗುಂಡಿ ತೋಡಿ ಮೆತ್ತನೆ ಮಣ್ಣು ತುಂಬಿದರೆ ಜುಲೈಯಲ್ಲಿ ಸುತ್ತಲಿನ ನೀರೆಲ್ಲ ಅದಕ್ಕೇ ಇಳಿದು ಬಾಣಲೆಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಕಂಬಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ ತೋಡಿ. ಗಿಡಕ್ಕೆ ನೆಲದ ಮೇಲೆ ದಿಬ್ಬ ಏರಿಸಿ. ವಿಯೆಟ್ನಾಮಿನ ಮೆಕಾಂಗ್ ನದಿಯ ಬಯಲಿನಲ್ಲೂ ಏರು ಮಡಿ, ನಡುವೆ ಕಣಿ ಮಾಡಿಯೇ ಈ ಬೆಳೆ ಬೆಳೆಯುತ್ತಾರೆ.

ದಿಬ್ಬದ ಅಳತೆ: ಬುಡದಲ್ಲಿ ನಾಲ್ಕಡಿ ಅಗಲ, ಎತ್ತರ ಒಂದೂವರೆ ಅಡಿ. ಒಂದು ಮಳೆಗಾಲ ಕಳೆದಾಗ ಅದು ಕುಳಿತು ಒಂದಡಿಗೆ ಬರುತ್ತದೆ. ಮಣ್ಣಿಗೆ ಸಮಪಾಲಿನಲ್ಲಿ ಮೂರು ಸಾಮಗ್ರಿ: ಮೇಲ್ಮಣ್ಣು ಅಥವಾ ಸುಡುಮಣ್ಣು, ದಪ್ಪ ಹೊಯಿಗೆ ಅಥವಾ ಮುರದ ಹರಳು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ. ಹಸಿ ಸೆಗಣಿ, ಅರೆಕಳಿತ ಸೊಪ್ಪು ಹಾಕಿದರೆ ಬುಡ ಬಿಸಿಯಾಗಿ ಬೇರು ಸುಡುತ್ತದೆ. ಗೊಬ್ಬರದ ಹುಳವೂ ಬರುತ್ತದೆ, ಅದರ ಹಿಂದೆಯೇ ಕಾಡುಹಂದಿಯೂ ಬಂದು ದಿಬ್ಬ ಬಗೆಯುತ್ತದೆ. ಒಂದು ದಿಬ್ಬಕ್ಕೆ ಬೇವಿನ ಹಿಂಡಿ 1 ಕಿಲೋ, ಎಲುಬಿನ ಹುಡಿ ಅರ್ಧ ಕಿಲೋ ಬೆರೆಸಿ. ನಮ್ಮ ಕೆಂಪು ಮಣ್ಣು ಹುಳಿ ಜಾತಿಯದು. ಈ ಗಿಡಕ್ಕೆ ಪಿಎಚ್ 5.5ರಿಂದ 7ರೊಳಗೆ ಇದ್ದರೆ ಹಿತ. ಆದ್ದರಿಂದ ಗೊಬ್ಬರ ಸೇರಿಸುವ ಎರಡು ವಾರ ಮೊದಲೇ ಅರ್ಧ ಕಿಲೋ ಡೋಲೋಮೈಟ್ ಅಥವಾ ಕೃಷಿ ಸುಣ್ಣ ಮಣ್ಣಿಗೆ ಬೆರೆಸಿ ನೀರು ಹೊಡೆಯಿರಿ. ಸುಣ್ಣ, ಗೊಬ್ಬರ ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹಾರಿಹೋಗುತ್ತದೆ.

ದಿಬ್ಬ ಕೊಚ್ಚಿ ಹೋಗದ ಹಾಗೆ ಸುತ್ತ ಒಡೆದ ಕೆಂಪುಕಲ್ಲಿನ ತುಂಡುಗಳನ್ನು ಇಡಿ. ಸಿಮೆಂಟ್ ಹಾಕಿ ಬಂಧಿಸಬೇಡಿ, ಸಂದುಗಳಲ್ಲಿ ನೀರು ಸೋರಲಿ. ಇಳಿಜಾರಾದರೆ ಮೇಲುಬದಿಯಲ್ಲಿ ಅರ್ಧ ಅಡಿ ಆಳದ ಕಣಿ ತೆಗೆದು ಗುಡ್ಡೆಯ ನೀರನ್ನು ಬದಿಗೆ ತಿರುಗಿಸಿ.

ಕಂಬ

ಬೆಳೆದು ನಿಂತ ನಾಲ್ಕು ಬಳ್ಳಿಗಳು ಮಳೆಗೆ ನೆನೆದು, ಹಣ್ಣೂ ಇದ್ದಾಗ ಭಾರ ಒಂದು ಕ್ವಿಂಟಲ್ ಮೀರುತ್ತದೆ. ಗಿಡದ ಆಯಸ್ಸು ಇಪ್ಪತ್ತು ವರ್ಷ ಎಂದು ಇಟ್ಟುಕೊಳ್ಳಿ. ಕಂಬವನ್ನು ಈ ಎರಡು ಲೆಕ್ಕ ಹಿಡಿದು ಆರಿಸಬೇಕು. ಅಡಿಕೆ ಸಲಾಕೆ ಮೊದಲ ಮಳೆಗಾಲ ಗಟ್ಟಿ ನಿಲ್ಲುತ್ತದೆ, ಎರಡನೆಯದರಲ್ಲಿ ನೆಲಮಟ್ಟದಲ್ಲಿ ಗೆದ್ದಲು ಹಿಡಿದು ಕುಂಬಾಗುತ್ತದೆ. ಬಳ್ಳಿ ಹಣ್ಣು ಕೊಡಲು ಹೊರಡುವ ಹೊತ್ತಿಗೆ ಸರಿಯಾಗಿ ಮಗುಚಿ ಬೀಳುತ್ತದೆ. ಕಬ್ಬಿಣದ ಪೈಪು ಎಪ್ರಿಲ್ ಬಿಸಿಲಿಗೆ ಕಾದು ಅಂಟಿದ ಬೇರುಗಳನ್ನು ಸುಡುತ್ತದೆ. ನಾಲ್ಕೈದು ಇಂಚು ಚದರದ, ಒಳಗೆ ನಾಲ್ಕು ಸರಳಿರುವ ಸಿಮೆಂಟ್ ಕಂಬವೇ ಸರಿ.

ಬಯಲುಸೀಮೆಯಲ್ಲಿ ಆರು–ಏಳಡಿ ಕಂಬ ಹಾಕುತ್ತಾರೆ. ಇಲ್ಲಿ ಎಂಟಡಿಯದು ತನ್ನಿ. ನೆಲದೊಳಗೆ ಎರಡಡಿ, ದಿಬ್ಬಕ್ಕೆ ಒಂದೂವರೆ ಅಡಿ ಹೋದರೆ ಮೇಲೆ ಉಳಿಯುವುದು ನಾಲ್ಕೂವರೆ ಅಡಿ. ಜೋತುಬಿದ್ದ ಬಳ್ಳಿಯ ತುದಿ ನೆಲ ಮುಟ್ಟದಿರಲು ಅಷ್ಟು ಬೇಕೇ ಬೇಕು. ತಲೆಯಲ್ಲಿ 12 ಮಿಲಿಮೀಟರಿನ ಎರಡು ಸರಳು ಅಡ್ಡ–ಉದ್ದ ತೂರಿಸಿ ಅದರ ಮೇಲೆ ಹಳೆ ಸ್ಕೂಟರ್ ಟಯರ್ ಕೂರಿಸಿ ಕಟ್ಟಿ. ಸಿಮೆಂಟಿನ ಬಳೆಯೂ ಆಗುತ್ತದೆ. ಟಯರ್ ಆದರೆ ಕೆಳಬದಿಗೆ ಐದಾರು ಕಡೆ ತೂತು ಕೊರೆಯದೆ ಮೇಲೇರಿಸಬೇಡಿ. ಅದರೊಳಗೆ ನಿಂತ ಮಳೆನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಹುಟ್ಟುತ್ತದೆ. ಕಂಬದಿಂದ ಕಂಬಕ್ಕೆ ಹತ್ತಡಿ ಇರಲಿ. ಎಂಟಡಿಯಲ್ಲೂ ಗಿಡ ಬರುತ್ತದೆ, ಆದರೆ ಇಲ್ಲಿಯ ತೇವಕ್ಕೆ ನಡುವೆ ಗಾಳಿ ಆಡುವುದು ಮುಖ್ಯ.

ತಾರಸಿಯಲ್ಲಿ ಬೆಳೆಯುವವರಿಗೆ 200 ಲೀಟರಿನ ಡ್ರಮ್ ಅಡ್ಡ ಕೊಯ್ದ ಅರ್ಧ ಭಾಗ ಸಾಕು. ಅದಕ್ಕೆ ಎರಡು ಬಳ್ಳಿ, ತಳದಲ್ಲಿ ಹೆಬ್ಬೆರಳು ಹೋಗುವಷ್ಟು ದೊಡ್ಡ ಎಂಟು ತೂತು.

ತುಂಡು ಆರಿಸಿ ನೆಡುವುದು

ಹಣ್ಣಿನ ಬೀಜದಿಂದ ಗಿಡವೇನೋ ಸುಲಭವಾಗಿ ಹುಟ್ಟುತ್ತದೆ, ಆದರೆ ಹಣ್ಣಿಗೆ ನಾಲ್ಕೈದು ವರ್ಷ ಕಾಯಬೇಕು, ತಾಯಿಯ ಗುಣ ಬರುವ ಖಾತ್ರಿಯೂ ಇಲ್ಲ. ತುಂಡು ನೆಟ್ಟರೆ ಎರಡನೆಯ ವರ್ಷಕ್ಕೇ ಹೂ ನೋಡಬಹುದು. ಒಂದು ವರ್ಷ ದಾಟಿದ, ಕಡುಹಸಿರು, ಬೆರಳಿನಿಂದ ಒತ್ತಿದರೆ ಬಗ್ಗದ ಬಳ್ಳಿ ಆರಿಸಿ. ಒಮ್ಮೆ ಹಣ್ಣು ಕೊಟ್ಟದ್ದಾದರೆ ಇನ್ನೂ ಒಳ್ಳೆಯದು. ಉದ್ದ ಒಂದರಿಂದ ಒಂದೂವರೆ ಅಡಿ.

ಕಡಿದ ಕೂಡಲೇ ಬುಡದ ತುದಿಗೆ ಗುರುತು ಹಾಕಿ, ತಲೆಕೆಳಗಾಗಿ ನೆಟ್ಟರೆ ಬೇರೂರುವುದು ತಡ. ಬಳ್ಳಿಗೆ ಮೂರು ಏಣು ಇರುತ್ತದಲ್ಲ, ಬುಡದ ಒಂದು ಇಂಚಿನಷ್ಟು ಭಾಗದಲ್ಲಿ ಆ ಮೂರನ್ನೂ ಹರಿತ ಕತ್ತಿಯಿಂದ ಪೆನ್ಸಿಲ್ ಕೆತ್ತುವ ಕ್ರಮದಲ್ಲಿ ಸವರಿ ನಡುವಿನ ಗಟ್ಟಿ ದಿಂಡು ಹೊರಗೆ ಕಾಣುವಂತೆ ಮಾಡಿ. ಬೇರು ಬರುವುದು ಆ ದಿಂಡಿನ ಸುತ್ತಿನಿಂದ, ಮೊದಲು ಕೊಳೆಯುವುದು ಅದರ ಸುತ್ತಲಿನ ತಿರುಳು. ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿದ ನೀರಿನಲ್ಲಿ ಬುಡ ಅದ್ದಿ, ನೆರಳಿನಲ್ಲಿ ಐದರಿಂದ ಏಳು ದಿನ ಬಿಡಿ. ಗಾಯದ ಮೇಲೆ ಬಿಳಿ ಪೊರೆ ಕಟ್ಟಿ ಒಣಗಿದ ಮೇಲೆ ಎರಡೇ ಇಂಚು ಆಳಕ್ಕೆ ನೆಡಿ, ಕಡ್ಡಿಯೊಂದಕ್ಕೆ ಕಟ್ಟಿ ನಿಲ್ಲಿಸಿ. ಭದ್ರವಾಗಲಿ ಎಂದು ಅರ್ಧ ಅಡಿ ಹೂತರೆ ಕೊಳೆಯುತ್ತದೆ. ಮೊದಲ ವಾರ ನೀರು ಬೇಡ. ಮೂರು–ನಾಲ್ಕು ವಾರದಲ್ಲಿ ಬೇರು ಬರುತ್ತದೆ.

ನೆಡುವ ಕಾಲ ಜೂನ್ ಅಲ್ಲ. ಕಾಸರಗೋಡಿಗೆ ಸರಿಯಾದದ್ದು ಮಳೆಯ ಅಬ್ಬರ ತಗ್ಗಿದ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ವರೆಗೆ. ತುಲಾ ಮಳೆಯಲ್ಲಿ ಬೇರು ಹಿಡಿದುಕೊಂಡು, ಚಳಿಯಲ್ಲಿ ಚಿಗುರಿ, ಮುಂದಿನ ಮಳೆಗಾಲಕ್ಕೆ ಬುಡ ಬಲಿತಿರುತ್ತದೆ. ಕಂಬದ ನಾಲ್ಕು ಮುಖಕ್ಕೆ ಒಂದೊಂದರಂತೆ ನಾಲ್ಕು ಗಿಡ.

ತಳಿಯ ವಿಷಯದಲ್ಲಿ ಒಂದು ಮಾತು ಗಮನದಲ್ಲಿರಲಿ. ಬಿಳಿ ತಿರುಳಿನವು ಹೆಚ್ಚಾಗಿ ತಮ್ಮದೇ ಪರಾಗದಿಂದ ಕಾಯಿ ಕಟ್ಟುತ್ತವೆ. ಕೆಂಪು ತಿರುಳಿನ ಹಲವು ತಳಿಗಳಿಗೆ ಬೇರೆ ತಳಿಯ ಪರಾಗ ಬೇಕು. ಒಂದೇ ಗಿಡದಿಂದ ತಂದ ತುಂಡುಗಳನ್ನು ಹತ್ತು ಕಂಬಕ್ಕೆ ನೆಟ್ಟರೂ ಪರಾಗದ ಲೆಕ್ಕದಲ್ಲಿ ಅದು ಒಂದೇ ಗಿಡ. ಕೆಂಪು ಬೇಕೆನ್ನುವವರು ಜೊತೆಗೆ ಒಂದು ಕಂಬ ಬಿಳಿಯದ್ದನ್ನೂ ಹಾಕಿಕೊಳ್ಳಿ. ಹಳದಿ ಸಿಪ್ಪೆಯದು ರುಚಿಯಲ್ಲಿ ಎಲ್ಲಕ್ಕಿಂತ ಸಿಹಿ, ಆದರೆ ತಂಪು ಹವೆಯ ಗಿಡ. ಕರಾವಳಿಯ ಸೆಕೆಗೆ ಅದನ್ನು ಆರಿಸಿಕೊಳ್ಳುವುದು ಬೇಡ.

ಹತ್ತಿಸುವುದು, ಸವರುವುದು

ಕಂಬದ ತಲೆ ಮುಟ್ಟುವವರೆಗೆ ಒಂದು ಗಿಡಕ್ಕೆ ಒಂದೇ ಬಳ್ಳಿ. ಬದಿಯಲ್ಲಿ ಬಂದ ಚಿಗುರುಗಳನ್ನು ಬೆರಳುದ್ದ ಇರುವಾಗಲೇ ಮುರಿಯಿರಿ. ಬಳ್ಳಿಯ ಚಪ್ಪಟೆ ಮುಖ ಕಂಬದ ಕಡೆಗಿರಲಿ, ಅಂಟುಬೇರು ಹೊರಡುವುದು ಆ ಬದಿಯಿಂದ. ಅಡಿಗೊಂದು ಕಟ್ಟು, ಹಳೆ ಪಂಚೆಯ ಪಟ್ಟಿಯೋ ಬಾಳೆನಾರೋ ಆದರೆ ಉತ್ತಮ. ನೈಲಾನ್ ಹಗ್ಗ, ತಂತಿ ತಿರುಳಿನೊಳಗೆ ಇಳಿದು ಗಾಯ ಮಾಡುತ್ತವೆ, ಕೊಳೆ ಅಲ್ಲಿಂದಲೇ ಶುರು. ಚೆನ್ನಾಗಿ ಬಂದ ಬಳ್ಳಿ ಎಂಟರಿಂದ ಹನ್ನೆರಡು ತಿಂಗಳಲ್ಲಿ ಟಯರ್ ತಲುಪುತ್ತದೆ. ಒಳಗಿನಿಂದ ಮೇಲೆ ಬಂದು ಅಂಚು ದಾಟಿದ ಮೇಲೆ ತುದಿ ಚಿವುಟಿ. ಅಲ್ಲಿಂದ ಬರುವ ಚಿಗುರುಗಳಲ್ಲಿ ಮೂರು–ನಾಲ್ಕನ್ನು ಬೇರೆ ಬೇರೆ ದಿಕ್ಕಿಗೆ ಇಳಿಬಿಡಿ. ಹೂ ಬರುವುದು ಹೀಗೆ ಜೋತುಬಿದ್ದ ಬಳ್ಳಿಗಳಲ್ಲಿ.

ಬಯಲುಸೀಮೆಯ ತೋಟಗಳಲ್ಲಿ ಕಂಬಕ್ಕೆ ನೂರಕ್ಕೂ ಮೇಲೆ ಬಳ್ಳಿ ಬಿಡುವುದುಂಟು. ಇಲ್ಲಿ ನಲವತ್ತು–ಐವತ್ತಕ್ಕೆ ನಿಲ್ಲಿಸಿ. ಒಳಗಿನ ಬಳ್ಳಿಗಳ ನಡುವೆ ಕೈ ಸಲೀಸಾಗಿ ಹೋಗಿ ಬರುವಂತಿರಬೇಕು, ಇಲ್ಲದಿದ್ದರೆ ಜುಲೈಯಲ್ಲಿ ಆ ಪೊದೆ ಒಣಗುವುದೇ ಇಲ್ಲ.

ನೀರು, ಗೊಬ್ಬರ

ಫೆಬ್ರವರಿಯಿಂದ ಮೇವರೆಗೆ ಗಿಡಕ್ಕೆ ವಾರಕ್ಕೆರಡು ಸಲ ನಾಲ್ಕೈದು ಲೀಟರ್. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16–20 ಲೀಟರ್ ಕೊಡುವವರಿಗೆ ಇದು ದೊಡ್ಡ ಹೊರೆಯಲ್ಲ. ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ಸಪೂರವಾಗುವ ತಿಂಗಳಲ್ಲೂ ಸುಧಾರಿಸಬಹುದು. ಬುಡ ಬಿಟ್ಟು ಅರ್ಧ ಅಡಿ ದೂರದಲ್ಲಿ ಎರಡು ಮೂರು ಇಂಚು ಸೋಗೆ, ತರಗೆಲೆ ಮುಚ್ಚಿ. ಮಳೆ ಹಿಡಿಯುವ ಮೊದಲು ಅದನ್ನು ಇನ್ನಷ್ಟು ದೂರ ಸರಿಸಿ, ಬಸವನಹುಳು ಅಡಗುವುದು ಅದರಡಿ.

ಹಟ್ಟಿಗೊಬ್ಬರ ಕಂಬಕ್ಕೆ ವರ್ಷಕ್ಕೆ 20 ಕಿಲೋ, ಅರ್ಧ ಎಪ್ರಿಲ್ ಕೊನೆಗೆ, ಅರ್ಧ ಅಕ್ಟೋಬರಿನಲ್ಲಿ. ಮೇಲೆ ಹರಡಿ ತೆಳುವಾಗಿ ಮಣ್ಣು ಮುಚ್ಚಿ, ಹಾರೆ ಹಾಕಿ ಕೊತ್ತಬೇಡಿ, ಬೇರು ಮೇಲೆಯೇ ಇರುತ್ತದೆ. ರಸಗೊಬ್ಬರ ಕೊಡುವವರು ಫಸಲಿಗೆ ಬಂದ ಗಿಡಕ್ಕೆ ಹೂವಿನ ಮೊದಲು ಯೂರಿಯಾ 40, ಸೂಪರ್ ಫಾಸ್ಫೇಟ್ 40, ಪೊಟ್ಯಾಷ್ 80 ಗ್ರಾಂ ಕೊಡಬಹುದು. ಜೂನ್ ಮಳೆಗೆ ಯೂರಿಯಾ ಜಾಸ್ತಿಯಾದರೆ ಬಳ್ಳಿ ನೀರು ತುಂಬಿಕೊಂಡು ಮೆತ್ತಗಾಗಿ ಕೊಳೆಗೆ ಸುಲಭದ ತುತ್ತಾಗುತ್ತದೆ. ಗೋಬರ್ ಗ್ಯಾಸ್ ಸ್ಲರಿಯನ್ನೂ ಮಳೆ ಬಿಟ್ಟ ತಿಂಗಳುಗಳಲ್ಲಷ್ಟೇ ಕೊಡಿ, ಹತ್ತು ಪಾಲು ನೀರು ಬೆರೆಸಿ.

ಹೂವಿನ ರಾತ್ರಿ

ಹಗಲು ಉದ್ದವಾದಾಗ ಹೂ ಬಿಡುವ ಗಿಡ ಇದು. ಬೇಸಗೆಯ ಮಳೆ ಬಿದ್ದ ಮೇಲೆ ಮೇ ತಿಂಗಳಲ್ಲಿ ಮೊಗ್ಗು ಶುರುವಾಗಿ ಅಕ್ಟೋಬರಿನವರೆಗೆ ಬಿಟ್ಟು ಬಿಟ್ಟು ಬರುತ್ತದೆ. ಮುಳ್ಳಿನ ಕಣ್ಣಿನಲ್ಲಿ ಉಬ್ಬು ಕಂಡಾಗ ಅದು ಚಿಗುರೋ ಮೊಗ್ಗೋ ಎಂದು ನೋಡಿ. ಚೂಪಾದರೆ ಚಿಗುರು, ಗುಂಡಗಾದರೆ ಮೊಗ್ಗು. ಒಂದು ಬಳ್ಳಿಗೆ ಎರಡು ಮೊಗ್ಗು ಸಾಕು, ಉಳಿದದ್ದನ್ನು ತೆಗೆಯಿರಿ.

ಮೂರು ವಾರದ ಹೊತ್ತಿಗೆ ಅಡಿಯುದ್ದದ ಬಿಳಿ ಹೂ ಕತ್ತಲಾದ ಮೇಲೆ ಬಿರಿಯುತ್ತದೆ, ಒಂಬತ್ತು–ಹತ್ತು ಗಂಟೆಗೆ ಪೂರ್ತಿ ತೆರೆದಿರುತ್ತದೆ, ಮಾರನೆಯ ದಿನ ಬಿಸಿಲೇರುವಾಗ ಮುಚ್ಚಿಕೊಳ್ಳುತ್ತದೆ. ಸಿಗುವುದು ಆ ಒಂದೇ ರಾತ್ರಿ. ತವರಿನಲ್ಲಿ ಬಾವಲಿ, ದೊಡ್ಡ ಪತಂಗಗಳು ಪರಾಗ ಸಾಗಿಸುತ್ತವೆ. ನಮ್ಮ ಜಡಿಮಳೆಯಲ್ಲಿ ಅವು ಬಂದರೂ ಪರಾಗ ತೊಳೆದು ಹೋಗಿರುತ್ತದೆ, ಹೂವಿನ ಕೊಳವೆಯಲ್ಲಿ ನೀರು ನಿಂತಿರುತ್ತದೆ. "ಹೂ ತುಂಬಾ ಬಂತು, ಕಾಯಿ ಒಂದೂ ನಿಲ್ಲಲಿಲ್ಲ" ಎಂಬ ದೂರಿಗೆ ಇಲ್ಲಿ ಹೆಚ್ಚಿನ ಸಲ ಕಾರಣ ಇದೇ. ಪರಿಹಾರ ಕಷ್ಟದ್ದಲ್ಲ. ಸಂಜೆ ಮೊಗ್ಗು ಬಾಯಿ ಬಿಡುವ ಲಕ್ಷಣ ಕಂಡ ಕೂಡಲೇ ಮೇಲಿನ ಬಳ್ಳಿಗೆ ಅಡಿಕೆ ಹಾಳೆಯ ತುಂಡೊಂದನ್ನು ಮುಟ್ಟಾಳೆಯ ರೀತಿಯಲ್ಲಿ ಬಗ್ಗಿಸಿ ಮಾಡಾಗಿ ಕಟ್ಟಿ. ಪ್ಲಾಸ್ಟಿಕ್ ತೊಟ್ಟೆ ಹಾಕುವುದಾದರೆ ಬಾಯಿ ಕೆಳಗೆ ತೆರೆದಿರಲಿ, ಬೆಳಗ್ಗೆ ತೆಗೆಯಲೇಬೇಕು, ಒಳಗಿನ ಬೆವರಿಗೆ ಹೂ ಕರಟುತ್ತದೆ.

ಎಂಟರಿಂದ ಹತ್ತು ಗಂಟೆಯೊಳಗೆ ಟಾರ್ಚು, ಸ್ಟೀಲಿನ ತಟ್ಟೆ, ಮೆತ್ತಗಿನ ಬಣ್ಣದ ಕುಂಚ ಹಿಡಿದು ಹೋಗಿ. ಹೂವಿನ ಕೆಳಗೆ ತಟ್ಟೆ ಹಿಡಿದು ಕೇಸರಗಳನ್ನು ಬೆರಳಿನಿಂದ ತಟ್ಟಿದರೆ ತಿಳಿಹಳದಿ ಹುಡಿ ಉದುರುತ್ತದೆ. ಕೇಸರಗಳ ನಡುವಿನಿಂದ ದಪ್ಪ ಶಲಾಕೆಯೊಂದು ಹೊರಗೆ ಚಾಚಿ, ತುದಿಯಲ್ಲಿ ಬೆರಳು ಬಿಡಿಸಿದಂತೆ ಹಲವು ಎಳೆಗಳಾಗಿರುತ್ತದೆ. ಬೇರೆ ತಳಿಯ ಹುಡಿಯನ್ನು ಆ ಎಳೆಗಳ ಎಲ್ಲ ಬದಿಗೂ ಧಾರಾಳವಾಗಿ ಸವರಿ. ಒಳಗೆ ಕಟ್ಟುವ ಬೀಜ ಹೆಚ್ಚಿದಷ್ಟೂ ಹಣ್ಣು ದೊಡ್ಡದು. ಒಂದೇ ಬದಿಗೆ ಸವರಿದ್ದು ಸೊಟ್ಟ ಹಣ್ಣಾಗುತ್ತದೆ. ರಾತ್ರಿ ಆಗದಿದ್ದರೆ ಬೆಳಗ್ಗೆ ಆರು–ಏಳಕ್ಕೆ, ಹೂ ಮುಚ್ಚುವ ಮೊದಲು ಮಾಡಬಹುದು.

ನಾಲ್ಕೈದು ದಿನದಲ್ಲಿ ತೊಟ್ಟು ಹಳದಿಯಾದರೆ ಕಾಯಿ ನಿಲ್ಲಲಿಲ್ಲ ಎಂದರ್ಥ. ಹಸಿರಾಗಿಯೇ ಇದ್ದರೆ ಬಾಡಿದ ಹೂವನ್ನು ಮೆಲ್ಲಗೆ ತಿರುಚಿ ತೆಗೆದುಬಿಡಿ. ಮಳೆಗಾಲದಲ್ಲಿ ಅದು ಅಲ್ಲೇ ಅಂಟಿಕೊಂಡಿದ್ದರೆ ಕೊಳೆತು ಕಾಯಿಯ ಮೂತಿಗೂ ತಾಗುತ್ತದೆ.

ಕೊಳೆ, ಕಜ್ಜಿ, ಬಿಸಿಲೇಟು

ಈ ಮೂರನ್ನು ಕಣ್ಣಿನಲ್ಲೇ ಬೇರ್ಪಡಿಸಲು ಕಲಿತರೆ ಅರ್ಧ ಕೆಲಸ ಆಯಿತು.

ಪಡುಬದಿಯ ಮುಖ ಮಾತ್ರ ಮಾರ್ಚ್–ಎಪ್ರಿಲಿನಲ್ಲಿ ಹಳದಿ, ಆಮೇಲೆ ಬಿಳುಚಾದರೆ ಅದು ಬಿಸಿಲೇಟು. ತೆಂಗಿನ ಮಡಲನ್ನು ಆ ಬದಿಗೆ ಒರಗಿಸಿ ಕಟ್ಟಿ, ಮೊದಲ ಮಳೆಗೆ ತೆಗೆಯಿರಿ.

ಗುಂಡುಸೂಜಿ ತಲೆಯಷ್ಟು ಬಿಳಿ ತಗ್ಗುಚುಕ್ಕೆ ಬಂದು, ಕಿತ್ತಳೆ–ಕಂದು ಬಣ್ಣಕ್ಕೆ ತಿರುಗಿ, ಕೊನೆಗೆ ಕರಿಚುಕ್ಕೆಗಳಿರುವ ಕಜ್ಜಿಯಾದರೆ ಅದು ಶಿಲೀಂಧ್ರದ ಕಾಂಡಕಜ್ಜಿ. ಹಣ್ಣಿನ ಸಿಪ್ಪೆಗೂ ಹಬ್ಬುತ್ತದೆ. ಆ ಬಳ್ಳಿಯನ್ನು ರೋಗದ ಜಾಗದಿಂದ ಎರಡು ಮೂರು ಇಂಚು ಹಿಂದಕ್ಕೆ ಕಡಿಯಿರಿ, ಪ್ರತಿ ಸಲವೂ ಕತ್ತಿಯನ್ನು ಸ್ಪಿರಿಟ್‌ನಲ್ಲಿ ಒರಸಿ, ಕಡಿದದ್ದನ್ನು ಸುಡಿ. ಗೊಬ್ಬರದ ಗುಂಡಿಗೆ ಹಾಕಿದರೆ ರೋಗವನ್ನು ಮುಂದಿನ ವರ್ಷಕ್ಕೆ ಕೂಡಿಟ್ಟಂತೆ.

ಬಳ್ಳಿ ಹಳದಿಯಾಗಿ ನೀರು ಸೋರಿ, ಮುಟ್ಟಿದರೆ ಜಾರಿ, ವಾಸನೆ ಬಂದರೆ ಅದು ಬ್ಯಾಕ್ಟೀರಿಯಾದ ಮೆದುಕೊಳೆ. ಮುಖ್ಯ ಬಳ್ಳಿಯಲ್ಲೇ ಬಂದರೂ ಕೂಡಲೇ ಬುಡಸಹಿತ ಕಡಿಯಬೇಡಿ. ಕೊಳೆತ ತಿರುಳನ್ನು ಹಸಿರು ಸಿಗುವವರೆಗೆ ಕೆರೆದು ತೆಗೆದು ನಡುವಿನ ದಿಂಡು ಗಟ್ಟಿಯಿದೆಯೇ ನೋಡಿ. ಗಟ್ಟಿಯಿದ್ದರೆ ಆ ಬರಿಯ ದಿಂಡಿನ ಮೂಲಕವೇ ಮೇಲಿನ ಪೊದೆಗೆ ನೀರು ಹೋಗುತ್ತದೆ, ಗಿಡ ಬದುಕುತ್ತದೆ. ಗಾಯ ಒಣಗಿದ ಮೇಲೆ ಬೋರ್ಡೋ ಮುಲಾಮು ಹಚ್ಚಿ: 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ, ಒಟ್ಟು 1 ಲೀಟರ್ ನೀರು.

ಅಡಿಕೆಗೆ ಮದ್ದು ಬಿಡುವ ಊರಿನವರಿಗೆ ಶೇಕಡಾ 1ರ ಬೋರ್ಡೋ ಹೊಸದಲ್ಲ. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರದ ಸುಮಾರಿಗೆ, ಮಳೆ ಹಿಡಿಯುವ ಮೊದಲು ಒಂದು ಸಲ. 40–45 ದಿನ ಬಿಟ್ಟು ಹೊಳವು ಸಿಕ್ಕಿದ ದಿನ ಇನ್ನೊಂದು ಸಲ. ಹಿತ್ತಿಲ ಅಳತೆಗೆ 10 ಲೀಟರ್ ಸಾಕು. 100 ಗ್ರಾಂ ಮೈಲುತುತ್ತನ್ನು 5 ಲೀಟರ್ ನೀರಿನಲ್ಲಿ, 100 ಗ್ರಾಂ ಚಿಪ್ಪುಸುಣ್ಣವನ್ನು ಇನ್ನೊಂದು 5 ಲೀಟರಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಿರಿ. ಪಾತ್ರೆ ಪ್ಲಾಸ್ಟಿಕಿನದಾಗಿರಲಿ. ಹೊಳೆಯುವ ಕಬ್ಬಿಣದ ಚೂರಿ ಅದ್ದಿ ನೋಡಿ, ಕೆಂಪು ಹತ್ತಿದರೆ ಸುಣ್ಣ ಸಾಲದು. ಅದೇ ದಿನ ಬಳಸಿ ಮುಗಿಸಿ. ಅರಳಿದ ಹೂವಿಗೂ ಬಣ್ಣಕ್ಕೆ ತಿರುಗುವ ಹಣ್ಣಿಗೂ ತಾಗಿಸಬೇಡಿ.

ಆಫ್ರಿಕನ್ ಬಸವನಹುಳು ಎಳೆ ಚಿಗುರನ್ನು ರಾತ್ರಿಯಲ್ಲಿ ಬೋಳಿಸುತ್ತದೆ. ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಅಲ್ಲಿ ಸೇರುತ್ತವೆ, ಕೈಗವಸು ಹಾಕಿ ಹೆಕ್ಕಿ ಉಪ್ಪುನೀರಿಗೆ ಹಾಕಿ. ಮೊಗ್ಗಿನ ಮೇಲೆ ಇರುವೆ ಸಾಲು ಕಂಡರೆ ಹಿಟ್ಟುತಿಗಣೆ ಇದೆಯೇ ನೋಡಿ, ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸಾಬೂನು ಬೆರೆಸಿ ಸಂಜೆ ಸಿಂಪಡಿಸಿ. ಇದಕ್ಕಿಂತ ಬಲವಾದ ವಿಷ ಮನೆಯ ಹಣ್ಣಿಗೆ ಬೇಡ. ಎಂಡೋಸಲ್ಫಾನ್ ಏನು ಮಾಡಿತೆಂದು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಿಕಳಾರ, ಕಾಗೆ, ಬಾವಲಿಗೆ ಬಣ್ಣ ಬರುವ ಮೊದಲೇ ಬಲೆಚೀಲ ಕಟ್ಟಿ.

ಕೊಯ್ಲು

ಹೂ ಅರಳಿದ 25–27 ದಿನಕ್ಕೆ ಬಣ್ಣ ತಿರುಗುತ್ತದೆ, 30–35ಕ್ಕೆ ಕೊಯ್ಲು. ಬಣ್ಣ ಬಂದ ಕೂಡಲೇ ಕೊಯ್ದರೆ ಸಪ್ಪೆ. ಕೊಯ್ದ ಮೇಲೆ ಈ ಹಣ್ಣು ಸಿಹಿಯಾಗುವುದಿಲ್ಲ, ಗೋಣಿಯಲ್ಲಿಟ್ಟರೂ ಹಣ್ಣಾಗುವ ಜಾತಿಯಲ್ಲ. ನಾಲ್ಕು ದಿನ ಕಾಯಿರಿ, ಎಸಳುಗಳ ಹಸಿರು ತುದಿ ಬಾಡಲು ಹೊರಟಾಗ ಸರಿಯಾದ ಹದ. ಜೋರು ಮಳೆಯ ಮುನ್ಸೂಚನೆ ಇದ್ದರೆ ಒಂದು ದಿನ ಮೊದಲೇ ತೆಗೆಯಿರಿ, ಬಲಿತದ್ದು ನೀರು ಹೀರಿ ಒಡೆಯುತ್ತದೆ. ತಿರುಚಬೇಡಿ, ತೊಟ್ಟಿನ ಎರಡೂ ಬದಿ ಬಳ್ಳಿಯ ಚೂರು ಸಹಿತ ಕತ್ತರಿಯಲ್ಲಿ ಕತ್ತರಿಸಿ. ಹೊರಗೆ ಐದಾರು ದಿನ, ಫ್ರಿಜ್ಜಿನಲ್ಲಿ ಎರಡು ವಾರ ಇರುತ್ತದೆ. ಕೆಂಪು ತಿರುಳಿನದು ತಿಂದ ಮಾರನೆಯ ದಿನ ಮೂತ್ರ ಕೆಂಪಾದರೆ ಗಾಬರಿ ಬೇಡ, ಹಣ್ಣಿನ ಬಣ್ಣವೇ ಅದು. ಮೂರನೆಯ ವರ್ಷದಿಂದ ಚೆನ್ನಾಗಿ ನೋಡಿಕೊಂಡ ಕಂಬವೊಂದಕ್ಕೆ 10ರಿಂದ 15 ಕಿಲೋ ನಿರೀಕ್ಷಿಸಬಹುದು.

ಕೊನೆಯ ಕೊಯ್ಲು ಮುಗಿದು, ತುಲಾ ಮಳೆ ನಿಂತು, ನವೆಂಬರ್–ಡಿಸೆಂಬರಿನ ಒಣ ಹವೆ ಬಂದ ಮೇಲೆ ಸವರಿಕೆ. ಎರಡು ಮೂರು ಸಲ ಹಣ್ಣು ಕೊಟ್ಟ ಬಳ್ಳಿ, ಒಳಗೆ ನೆರಳಿನಲ್ಲಿ ಸಿಕ್ಕಿದ್ದು, ನೆಲ ಮುಟ್ಟಿದ್ದು, ಕಜ್ಜಿಯದ್ದು ಎಲ್ಲ ಹೋಗಲಿ. ಗಾಯ ಒಣಗಲು ಇದೇ ಒಳ್ಳೆಯ ಕಾಲ. ಅದೇ ವಾರ ಕಂಬಕ್ಕೆ ಅರ್ಧ ಕಿಲೋ ಸುಣ್ಣ ಹರಡಿ, ಕುಳಿತ ದಿಬ್ಬಕ್ಕೆ ಎರಡು ಬುಟ್ಟಿ ಮಣ್ಣು ಏರಿಸಿ. ಕಡಿದವುಗಳಲ್ಲಿ ರೋಗವಿಲ್ಲದ, ಬಲಿತ ತುಂಡುಗಳನ್ನು ಆರಿಸಿ, ಬುಡ ಸವರಿ ಒಣಗಲು ಇಡಿ.